ಹಗುರ ಗಾಡಿಗೆ ಎಂಥ ಬ್ರೇಕು?

ಮೇ ತಿಂಗಳಲ್ಲಿ ಆದವಾನಿಯ ಹತ್ತಿ ಜಿನ್ನುಗಳಿಗೆ ಕೆಲಸವಿರುವುದಿಲ್ಲ. ಹತ್ತಿ ಬರುವ ಕಾಲ ಮುಗಿದು, ಯಂತ್ರಗಳಿಗೆ ಗ್ರೀಸು ಬಳಿದು ಬಾಗಿಲು ಎಳೆದ ಮೇಲೆ ಹಿಂದಿನ ರಿಪೇರಿ ಶೆಡ್ಡು ಖಾಲಿ. ಅಂಥದೊಂದು ಶೆಡ್ಡನ್ನು ಗೆಳೆಯರಿಂದ ಕೇಳಿ ಪಡೆದು ನಮ್ಮ ಅಣ್ಣನ ಮಗ ಮತ್ತು ಅವನ ಐದಾರು ಜೊತೆಗಾರರು ಒಂದು ಬೇಸಿಗೆಯಿಡೀ ಗಾಡಿ ಕಟ್ಟಿದರು. ಎಲ್ಲರೂ ಬಳ್ಳಾರಿಯಲ್ಲಿ ಮೆಕಾನಿಕಲ್ ಓದುವ ಹುಡುಗರು. ಉಕ್ಕಿನ ಪೈಪು ಬಗ್ಗಿಸಿ, ಬೆಸುಗೆ ಹಾಕಿ, ಒಬ್ಬರೇ ಕೂರುವಂಥ ಪಂಜರ ಮಾಡಿ, ಹಿಂದೆ 10 ಅಶ್ವಶಕ್ತಿಯ ಎಂಜಿನ್ ಕೂರಿಸಿದ್ದರು. ಕಲ್ಲುಮಣ್ಣಿನ ದಾರಿಯಲ್ಲಿ ಓಡುವ ಸ್ಪರ್ಧೆಯ ಗಾಡಿ ಅದು. ಚಾಲಕನನ್ನು ಬಿಟ್ಟು 180 ಕಿಲೋ ದಾಟಬಾರದು ಎಂದು ಅವರೇ ಹಾಕಿಕೊಂಡ ಲೆಕ್ಕ.

ಒಂದು ಮಧ್ಯಾಹ್ನ ಅಣ್ಣನ ಮಗ ಗೋಣಿಚೀಲದಲ್ಲಿ ಏನನ್ನೋ ಹೊತ್ತು ತಂದು ನೆಲಕ್ಕೆ ಇಳಿಸಿದ. ಬಿಚ್ಚಿ ನೋಡಿದರೆ ಯಾವುದೋ ಭಾರಿ ಜೀಪಿನ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರು.

“ಗುಜರಿಯಾಗ ಸಿಕ್ತು ನೋಡ್ರಿ ಚಿಕ್ಕಪ್ಪ. ಇದಕ್ಕಿಂತ ದೊಡ್ಡ ಬ್ರೇಕು ಯಾರ ಗಾಡಿಗೂ ಇರಂಗಿಲ್ಲ.”

ಶೆಡ್ಡಿನಲ್ಲೇ ಇದ್ದ ತೂಕದ ಯಂತ್ರದ ಮೇಲೆ ಎರಡನ್ನೂ ಇಡಿಸಿದೆ. ಹತ್ತೂವರೆ ಕಿಲೋ. ನಾಲ್ಕು ಚಕ್ರಕ್ಕೆ ಇಂಥವು ನಾಲ್ಕು ಎಂದರೆ 42 ಕಿಲೋ. ಇಡೀ ಗಾಡಿಯ ತೂಕದ ಕಾಲು ಭಾಗದ ಹತ್ತಿರ ಬರೀ ಬ್ರೇಕಿಗೇ ಹೋಯಿತು. ಹುಡುಗ ಸುಮ್ಮನಾದ. ಆದರೆ ಅವನ ತಲೆಯಲ್ಲಿದ್ದ ಪ್ರಶ್ನೆ ಹೋಗಲಿಲ್ಲ: ದೊಡ್ಡ ಬ್ರೇಕು ಹಾಕಿದರೆ ಗಾಡಿ ಬೇಗ ನಿಲ್ಲುವುದಿಲ್ಲವೇ? ಈ ಪ್ರಶ್ನೆ ಅವನೊಬ್ಬನದಲ್ಲ. ಕೈಯಾರೆ ಗಾಡಿ ಕಟ್ಟುವ ಹೆಚ್ಚಿನವರು ಬ್ರೇಕಿನ ವಿಷಯದಲ್ಲಿ ಮೊದಲು ಎಡವುವುದು ಇಲ್ಲಿಯೇ. ಅದಕ್ಕೇ ಇಂದಿನ ಅಂಕಣ ಪೂರ್ತಿ ಬ್ರೇಕಿಗೆ.

ಈ ಹುಡುಗರು ಹೊರಟಿದ್ದ ಸ್ಪರ್ಧೆಯ ಹೆಸರು ಬಾಹಾ. ಅಮೆರಿಕದಲ್ಲಿ 1976ರಲ್ಲಿ ವಿದ್ಯಾರ್ಥಿಗಳಿಗಾಗಿ ಶುರುವಾದದ್ದು. ನಮ್ಮ ದೇಶದಲ್ಲಿ ಮೊದಲ ಬಾಹಾ ನಡೆದದ್ದು 2007ರಲ್ಲಿ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಡಾಂಬರು ಟ್ರ್ಯಾಕಿನ ಮೇಲೆ ಓಡುವ ಫಾರ್ಮುಲಾ ಮಾದರಿಯ ಗಾಡಿ ಕಟ್ಟುವವರಿಗೆ ಬೇರೆ ಸ್ಪರ್ಧೆಗಳಿವೆ; ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಅಂಥದ್ದು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ ಇಂಥ ಗಾಡಿಗಳನ್ನು 2003ರಿಂದ ಕಟ್ಟುತ್ತ ಬಂದಿದೆ. ಕೊಯಮತ್ತೂರಿನ ಆ ಟ್ರ್ಯಾಕಿಗೆ ಹೆಸರು ಕೊಟ್ಟ ಎಸ್. ಕರಿವರ್ಧನ್ ಕೂಡ ಇದೇ ಜಾಯಮಾನದವರು. 1980ರ ದಶಕದ ಕೊನೆಗೆ ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಗಾಡಿ ಕಟ್ಟಿ, ರೇಸು ಎಂದರೆ ಹೊರದೇಶದ ದುಬಾರಿ ಕಾರು ಎಂಬ ಮಾತನ್ನು ಸುಳ್ಳು ಮಾಡಿದವರು. ಹತ್ತಿರದ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ಒಳ್ಳೆಯ ಗಾಡಿ ಆಗುತ್ತದೆ ಎನ್ನುವುದು ಅಲ್ಲಿಂದ ಬಂದ ಪಾಠ. ಬ್ರೇಕಿಗೂ ಅದು ಸರಿಯಾಗಿ ಹೊಂದುತ್ತದೆ.

ಈ ಸ್ಪರ್ಧೆಗಳಲ್ಲಿ ಓಟಕ್ಕೆ ಮುಂಚೆ ಒಂದು ಪರೀಕ್ಷೆ ಇದೆ. ಗಾಡಿಯನ್ನು ವೇಗವಾಗಿ ಓಡಿಸಿಕೊಂಡು ಬಂದು ಒಮ್ಮೆಲೇ ಪೆಡಲ್ ತುಳಿಯಬೇಕು. ನಾಲ್ಕೂ ಚಕ್ರಗಳು ತಿರುಗುವುದನ್ನು ನಿಲ್ಲಿಸಿ ಉಜ್ಜಿಕೊಂಡು ಹೋಗಬೇಕು. ಮೂರು ನಿಂತು ಒಂದು ಉರುಳಿದರೂ ಗಾಡಿ ಬದಿಗೆ. ವರ್ಷವಿಡೀ ದುಡಿದು, ಸಾಲ ಮಾಡಿ, ರೈಲಿನಲ್ಲಿ ಗಾಡಿ ಸಾಗಿಸಿಕೊಂಡು ಹೋದ ತಂಡಗಳು ಈ ಒಂದು ಪರೀಕ್ಷೆಯಲ್ಲಿ ಬಿದ್ದು, ಒಂದು ಸುತ್ತೂ ಓಡದೆ ಹಿಂದಿರುಗುತ್ತವೆ. ಹಾಗೆ ಹಿಂದಿರುಗಿದ ಹುಡುಗರ ಮುಖ ನಾನು ನೋಡಿದ್ದೇನೆ. ಎಂಜಿನ್ನಿಗೆ, ಬಣ್ಣಕ್ಕೆ, ಸ್ಟಿಕ್ಕರಿಗೆ ಕೊಟ್ಟ ದಿನಗಳಲ್ಲಿ ನಾಲ್ಕನ್ನು ಬ್ರೇಕಿಗೆ ಕೊಟ್ಟಿದ್ದರೆ ಸಾಕಿತ್ತು.

ಇನ್ನು ಮೂಲದ ಮಾತು. ಗಾಡಿಯನ್ನು ನಿಲ್ಲಿಸುವುದು ಬ್ರೇಕಲ್ಲ, ಟಯರು ಮತ್ತು ನೆಲ. ಬ್ರೇಕು ಮಾಡುವುದು ಚಕ್ರ ಹಿಡಿಯುವ ಕೆಲಸವನ್ನಷ್ಟೇ. ಚಕ್ರ ಪೂರ್ತಿ ನಿಂತ ಮೇಲೆ ಅದಕ್ಕಿಂತ ಹತ್ತು ಪಟ್ಟು ಬಲವಾಗಿ ಹಿಡಿದರೂ ಗಾಡಿ ಒಂದು ಅಂಗುಲ ಮೊದಲು ನಿಲ್ಲುವುದಿಲ್ಲ. ಟಯರು ನೆಲಕ್ಕೆ ಎಷ್ಟು ಕಚ್ಚುತ್ತದೆ ಎಂಬುದು ಅದರ ಮೇಲೆ ಬಿದ್ದ ಭಾರದ ಮೇಲೆ ನಿಂತಿದೆ. ಹಗುರ ಗಾಡಿಯಲ್ಲಿ ಭಾರವೇ ಕಡಿಮೆ. ಚಕ್ರ ನಿಲ್ಲಿಸಲು ಬೇಕಾದ ಬಲವೂ ಕಡಿಮೆ. ಅಲ್ಲಿಗೆ ಜೀಪಿನ ಬ್ರೇಕು ಹಾಕಿದರೆ ಕಾಲು ಸೋಕಿದರೆ ಸಾಕು ಚಕ್ರ ಲಾಕ್ ಆಗುತ್ತದೆ. ನಡುವೆ ಮೆಲ್ಲಗೆ ಹಿಡಿಯುವ ಹದವೇ ಚಾಲಕನ ಕಾಲಿಗೆ ಸಿಗುವುದಿಲ್ಲ.

ಮತ್ತೆ, ಚಕ್ರದ ಜೊತೆಗೆ ಕುಣಿಯುವ ತೂಕ ಬೇರೆ, ಸ್ಪ್ರಿಂಗಿನ ಮೇಲೆ ಕೂತ ತೂಕ ಬೇರೆ. ಕಲ್ಲಿನ ಮೇಲೆ ಚಕ್ರ ಹಾರಿದಾಗ ಅದನ್ನು ಮತ್ತೆ ನೆಲಕ್ಕೆ ಒತ್ತುವುದು ಸ್ಪ್ರಿಂಗು. ಚಕ್ರದ ಬದಿಯಲ್ಲೇ ಹತ್ತು ಕಿಲೋ ಕಬ್ಬಿಣ ಕಟ್ಟಿದರೆ ಚಕ್ರ ಇಳಿಯುವುದು ತಡವಾಗುತ್ತದೆ. ಗಾಳಿಯಲ್ಲಿರುವ ಟಯರು ಏನನ್ನೂ ನಿಲ್ಲಿಸಲಾರದು. ಹೀಗೆ ದೊಡ್ಡ ಬ್ರೇಕು ಹಾಕಿದ ಗಾಡಿ ಕೆಟ್ಟ ದಾರಿಯಲ್ಲಿ ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ.

ಹಾಗಾದರೆ ಕಾರುಗಳಿಗೆ ಅಷ್ಟು ದೊಡ್ಡ ಡಿಸ್ಕು ಯಾಕೆ? ಬಿಸಿಗಾಗಿ. ಗಾಡಿಯ ವೇಗವೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಬದಲಾಗುತ್ತದೆ. ನೂರು ಕಿಲೋಮೀಟರ್ ವೇಗದಲ್ಲಿರುವ 1500 ಕಿಲೋದ ಕಾರನ್ನು ನಿಲ್ಲಿಸಿದರೆ ಸುಮಾರು 580 ಕಿಲೋಜೌಲ್ ಶಾಖ ಹುಟ್ಟುತ್ತದೆ. ನಮ್ಮ ಹುಡುಗರ ಗಾಡಿ ಚಾಲಕನೂ ಸೇರಿ 250 ಕಿಲೋ, ಹೆಚ್ಚೆಂದರೆ 60 ಕಿಲೋಮೀಟರ್ ವೇಗ; ಲೆಕ್ಕ ಹಾಕಿದರೆ ಬರೀ 35 ಕಿಲೋಜೌಲ್. ಹದಿನಾರರಲ್ಲಿ ಒಂದು ಪಾಲಿಗೂ ಕಡಿಮೆ. ತಲಾ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುವ ಮೂರು ಚಿಕ್ಕ ಉಕ್ಕಿನ ಡಿಸ್ಕುಗಳಿದ್ದರೂ ಒಂದು ಸಲ ನಿಂತರೆ ಅವು ಕಾಯುವುದು ಸುಮಾರು 40 ಡಿಗ್ರಿಯಷ್ಟೇ. ಮುಂದಿನ ತಿರುವಿನ ಹೊತ್ತಿಗೆ ಗಾಳಿಗೆ ಅದೂ ಆರುತ್ತದೆ. ಹಾಗೆಂದು ಈ 35 ಕಿಲೋಜೌಲನ್ನು ತಾತ್ಸಾರ ಮಾಡುವಂತಿಲ್ಲ. ಎರಡು ಸೆಕೆಂಡಿನಲ್ಲಿ ಗಾಡಿ ನಿಲ್ಲಬೇಕಾದರೆ ಬ್ರೇಕುಗಳು ಒಟ್ಟಾರೆ 23 ಅಶ್ವಶಕ್ತಿಯ ಕೆಲಸ ಮಾಡಬೇಕು. ಹಿಂದೆ ಕೂತ ಎಂಜಿನ್ನಿಗೆ ಇರುವುದು ಹತ್ತೇ. ಯಾವುದೇ ಗಾಡಿಯಲ್ಲಿ ಎಲ್ಲಕ್ಕಿಂತ ಬಲವಾದ ಯಂತ್ರ ಬ್ರೇಕು.

ಡಿಸ್ಕು ಬೇಕೋ ಡ್ರಮ್ಮು ಬೇಕೋ ಎಂಬ ಚರ್ಚೆ ಇಲ್ಲಿ ಬಹಳ ನಡೆಯುವುದಿಲ್ಲ. ಡ್ರಮ್ಮಿನ ಒಳಗೆ ಕೆಸರು ನೀರು ಹೊಕ್ಕರೆ ಹೊರಬರಲು ತಡ. ಶೂಗಳು ತಿರುಗುವ ದಿಕ್ಕಿಗೆ ತಾವೇ ಎಳೆದುಕೊಂಡು ಕಚ್ಚುವುದರಿಂದ ಎಡಬಲದ ಹಿಡಿತ ಒಂದೇ ಸಮ ಇಡುವುದು ಕಷ್ಟ. ಡಿಸ್ಕು ಬಯಲಲ್ಲಿ ತಿರುಗುತ್ತದೆ, ತಾನೇ ಒರೆಸಿಕೊಳ್ಳುತ್ತದೆ. ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಗಾಡಿ ಲೆ ಮಾನ್ಸ್‌ನ 24 ಗಂಟೆಗಳ ಓಟ ಗೆದ್ದು ಜಗತ್ತಿಗೆ ಇದನ್ನು ತೋರಿಸಿದ್ದು 1953ರಲ್ಲಿ. ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದೂ ಅದೇ ವರ್ಷ. ನಮ್ಮ ಕಡೆಯ ಹಿರಿಯರಿಗೆ ಆ ಇಸವಿ ಮರೆಯುವುದಿಲ್ಲವಾದ್ದರಿಂದ ಜೊತೆಗೇ ಹೇಳಿದೆ. ಗಡಿ ಬಿದ್ದು ಎಪ್ಪತ್ತು ವರ್ಷ ದಾಟಿದರೂ ಓದಲು, ಬಿಡಿಭಾಗ ತರಲು ಇಲ್ಲಿನ ಹುಡುಗರು ಹತ್ತುವುದು ಬಳ್ಳಾರಿ ಬಸ್ಸನ್ನೇ.

ಈಗ ಭಾರದ ವಿಷಯಕ್ಕೆ ಬರುತ್ತೇನೆ. ಬ್ರೇಕು ಆರಿಸುವುದರಲ್ಲಿ ನಿಜವಾದ ವಿದ್ಯೆ ಇರುವುದು ಇಲ್ಲಿ.

ಇಳಿಜಾರಿನಲ್ಲಿ ತುಂಬಿದ ಬಂಡಿ ಇಳಿಯುವಾಗ ಭಾರವೆಲ್ಲ ನೊಗಕ್ಕೆ ಬಂದು ಎತ್ತುಗಳ ಕತ್ತಿನ ಮೇಲೆ ಕೂರುತ್ತದಲ್ಲ, ಬ್ರೇಕು ಹಿಡಿದ ಗಾಡಿಯಲ್ಲೂ ಆಗುವುದು ಅದೇ. ನಿಂತಾಗ ಹಿಂದಿನ ಚಕ್ರದ ಮೇಲಿದ್ದ ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎನ್ನುವುದಕ್ಕೆ ಸುಲಭದ ಲೆಕ್ಕವಿದೆ. ಗಾಡಿಯ ತೂಕವನ್ನು ಭಾರಕೇಂದ್ರದ ಎತ್ತರದಿಂದ ಗುಣಿಸಿ, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರದಿಂದ ಭಾಗಿಸಿ, ಎಷ್ಟು ಜೋರಾಗಿ ನಿಲ್ಲುತ್ತೀರೋ ಆ ಪ್ರಮಾಣದಿಂದ ಮತ್ತೆ ಗುಣಿಸಿದರಾಯಿತು. ನಮ್ಮ ಗಾಡಿಯ ಭಾರಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ಚಕ್ರಗಳ ಅಂತರ ಒಂದೂವರೆ ಮೀಟರ್. ಎಂಜಿನ್ ಹಿಂದೆ ಇರುವುದರಿಂದ ನಿಂತಾಗ ಮುಂದೆ 105 ಕಿಲೋ, ಹಿಂದೆ 145 ಕಿಲೋ. ಒಣ ಡಾಂಬರಿನ ಮೇಲೆ ಗುರುತ್ವದ 0.8 ಪಟ್ಟು ಜೋರಿನಲ್ಲಿ ನಿಲ್ಲಿಸಿದರೆ 67 ಕಿಲೋ ಮುಂದಕ್ಕೆ ಸರಿಯುತ್ತದೆ. ಮುಂದೆ 172, ಹಿಂದೆ 78. ಸಡಿಲ ಮಣ್ಣಿನಲ್ಲಿ ಅಷ್ಟು ಜೋರಾಗಿ ನಿಲ್ಲಲು ಟಯರು ಬಿಡುವುದಿಲ್ಲ, 0.5 ಪಟ್ಟು ಸಿಕ್ಕರೆ ಹೆಚ್ಚು. ಆಗ ಸರಿಯುವುದು 42 ಕಿಲೋ. ಮುಂದೆ 147, ಹಿಂದೆ 103.

ಈ ನಾಲ್ಕು ಅಂಕಿಗಳನ್ನು ಹುಡುಗರು ಶೆಡ್ಡಿನ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದರು. ನೋಡುತ್ತ ನಿಂತವರಿಗೆ ಎರಡು ವಿಷಯ ಹೊಳೆಯಿತು. ನಿಂತಾಗ ಹಗುರವಾಗಿದ್ದ ಮುಂದಿನ ಚಕ್ರಗಳೇ ಬ್ರೇಕು ಹಿಡಿದಾಗ ಗಾಡಿಯ ಮುಕ್ಕಾಲು ಭಾಗದ ಹತ್ತಿರ ಹೊರುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಡಾಂಬರಿನ ಹಂಚಿಕೆ ಬೇರೆ, ಮಣ್ಣಿನ ಹಂಚಿಕೆ ಬೇರೆ. ಒಂದಕ್ಕೆ ಹದವಾದ ಬ್ರೇಕು ಇನ್ನೊಂದಕ್ಕೆ ಹದವಲ್ಲ.

ಮೊದಲು ಅವರ ಯೋಜನೆ ಸರಳವಾಗಿತ್ತು. ಮುಂದಿನ ಎರಡು ಚಕ್ರಕ್ಕೆ ಒಂದೊಂದು ಬೈಕಿನ ಕ್ಯಾಲಿಪರು; ಹಿಂದೆ ಡಿಫರೆನ್ಷಿಯಲ್ ಇಲ್ಲದೆ ಎರಡೂ ಚಕ್ರ ಒಟ್ಟಿಗೇ ತಿರುಗುವುದರಿಂದ ಗೇರ್‌ಬಾಕ್ಸಿನ ಪಕ್ಕ ಒಂದೇ ಡಿಸ್ಕು, ಒಂದೇ ಕ್ಯಾಲಿಪರು. ಮೂರೂ ಒಂದೇ ಜಾತಿಯವು, ಎರಡೆರಡು ಪಿಸ್ಟನ್ನಿನವು. ಕೊಳ್ಳಲು ಸುಲಭ, ಒಂದು ಹೋದರೆ ಇನ್ನೊಂದು ಹಾಕಬಹುದು. ಕೇಳಲು ಚೆನ್ನಾಗಿತ್ತು. ಆದರೆ ಲೆಕ್ಕ ಹಾಕಿದಾಗ ಮಣ್ಣಿನಲ್ಲಿ ಮುಂದಿನ ಚಕ್ರ ಮೊದಲು ನಿಲ್ಲುತ್ತಿತ್ತು, ಡಾಂಬರಿನಲ್ಲಿ ಹಿಂದಿನದು. ಹಿಂದಿನ ಚಕ್ರ ಮೊದಲು ನಿಲ್ಲುವುದು ಅಪಾಯ. ಮುಂದಿನದು ನಿಂತರೆ ಗಾಡಿ ತಿರುಗದೆ ನೇರ ಹೋಗುತ್ತದೆ. ಕಾಲು ಸಡಿಲಿಸಿದರೆ ಮತ್ತೆ ಮಾತು ಕೇಳುತ್ತದೆ. ಹಿಂದಿನದು ನಿಂತರೆ ಬಾಲ ಬೀಸಿ ಗಾಡಿ ಗಿರ್ರನೆ ತಿರುಗಿ ಅಡ್ಡ ಬೀಳುತ್ತದೆ. ಬೈಕಿನ ಹಿಂದಿನ ಬ್ರೇಕನ್ನು ಮರಳಿನಲ್ಲಿ ಒಮ್ಮೆ ಜೋರಾಗಿ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಹಿಂದಕ್ಕೆ 30 ಮಿಲಿಮೀಟರಿನ ಒಂದೇ ಪಿಸ್ಟನ್ ಇರುವ ಚಿಕ್ಕ ಕ್ಯಾಲಿಪರ್ ಎಂದು ತೀರ್ಮಾನವಾಯಿತು. ಆಗ ಎರಡೂ ನೆಲದಲ್ಲಿ ಮುಂದಿನದು ಮೊದಲು, ಹಿಂದಿನದು ಆಮೇಲೆ. ಆದರೆ ನಾಲ್ಕೂ ನಿಲ್ಲುವುದು ಖಚಿತ. ಬ್ರೇಕಿನ ಬಲ ಕಡಿಮೆ ಮಾಡಿ ಗಾಡಿ ಸರಿಯಾದದ್ದು ಅಣ್ಣನ ಮಗನಿಗೆ ಬಹಳ ಹೊತ್ತು ನಂಬಲಾಗಲಿಲ್ಲ.

ಪೆಡಲಿನಿಂದ ಚಕ್ರದವರೆಗೆ ಬಲ ಹೋಗುವ ದಾರಿಯನ್ನು ತಿಳಿಯಲು ನಮ್ಮೂರಿನವರಿಗೆ ಎಲ್ಲೂ ಹೋಗಬೇಕಾಗಿಲ್ಲ. ಅದೇ ಜಿನ್ನಿನಲ್ಲಿ 170 ಕಿಲೋದ ಹತ್ತಿ ಬೇಲನ್ನು ಒತ್ತಿ ಕಟ್ಟುವ ಪ್ರೆಸ್ಸು ಇದೆ. ಚಿಕ್ಕ ಪಂಪು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ದೊಡ್ಡ ಸಿಲಿಂಡರನ್ನು ಎತ್ತುತ್ತದೆ, ಗುಡ್ಡೆಯಷ್ಟು ಅರಳೆ ಇಟ್ಟಿಗೆಯಾಗುತ್ತದೆ. ಬ್ರೇಕಿನಲ್ಲೂ ಇದೇ ನಿಯಮ. ಕಾಲು ಚಿಕ್ಕ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ, ಎಣ್ಣೆ ಕ್ಯಾಲಿಪರಿನ ಪಿಸ್ಟನ್ ಒತ್ತುತ್ತದೆ, ಪ್ಯಾಡು ಡಿಸ್ಕನ್ನು ಕಚ್ಚುತ್ತದೆ. ಮಾಸ್ಟರ್ ಸಿಲಿಂಡರು ಸಣ್ಣದಾದಷ್ಟೂ ಒತ್ತಡ ಹೆಚ್ಚು. ಆದರೆ ಎಲ್ಲೂ ಬಿಟ್ಟಿಯಾಗಿ ಬಲ ಸಿಗುವುದಿಲ್ಲ: ಸಣ್ಣ ಸಿಲಿಂಡರು ತಳ್ಳುವ ಎಣ್ಣೆಯೂ ಕಡಿಮೆ, ಪೆಡಲ್ ಅಷ್ಟು ದೂರ ಇಳಿಯಬೇಕು. ಬೈಕಿನ ಹ್ಯಾಂಡಲಿನ ಮಾಸ್ಟರ್ ತಂದು ಎರಡು ಕ್ಯಾಲಿಪರಿಗೆ ಕಟ್ಟಿದವರ ಪೆಡಲ್ ನೆಲಕ್ಕೆ ತಾಗಿಬಿಡುವುದು ಇದರಿಂದ. ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಇದ್ದ ಕಾರಿನ ಮಾಸ್ಟರನ್ನು ಬೂಸ್ಟರ್ ಇಲ್ಲದೆ ಹಾಕಿದವರದ್ದು ಇದಕ್ಕೆ ಉಲ್ಟಾ. ಅದರ ಬೋರು, ಅಂದರೆ ಒಳಗಿನ ವ್ಯಾಸ, ದೊಡ್ಡದು, ಪೆಡಲ್ ಕಲ್ಲಿನಂತೆ ನಿಲ್ಲುತ್ತದೆ, ಎಷ್ಟು ತುಳಿದರೂ ಹಿಡಿಯುವುದಿಲ್ಲ. ಹಗುರ ಗಾಡಿಗೆ ಬೂಸ್ಟರ್ ಬೇಡವೇ ಬೇಡ. ಪೆಡಲಿನಲ್ಲಿ ಒಂದಕ್ಕೆ ಐದರ ಮೀಟು ಇಟ್ಟು, ಮುಕ್ಕಾಲು ಇಂಚು ಬೋರಿನ ಮಾಸ್ಟರ್ ಹಾಕಿದರೆ ಕಾಲಿನ ಮೂವತ್ತು ಕಿಲೋ ಒತ್ತಿಗೆ 50 ಬಾರ್‌ಗೂ ಹೆಚ್ಚು ಒತ್ತಡ ಹುಟ್ಟುತ್ತದೆ. ಅಷ್ಟು ಸಾಕು.

ಸ್ಪರ್ಧೆಯ ನಿಯಮದ ಪ್ರಕಾರ ಎಣ್ಣೆಯ ದಾರಿ ಎರಡಿರಬೇಕು. ಒಂದು ಸೋರಿದರೂ ಇನ್ನೊಂದು ಕನಿಷ್ಠ ಎರಡು ಚಕ್ರ ಹಿಡಿಯಬೇಕು. ಇದಕ್ಕೆ ಕಾರುಗಳಲ್ಲಿರುವಂತೆ ಒಂದೇ ಕೊಳವೆಯೊಳಗೆ ಎರಡು ಕೋಣೆಯ ಟ್ಯಾಂಡೆಮ್ ಮಾಸ್ಟರ್ ಹಾಕಬಹುದು. ಇಲ್ಲವೇ ಎರಡು ಬಿಡಿ ಮಾಸ್ಟರುಗಳನ್ನು ಪಕ್ಕಪಕ್ಕ ಇಟ್ಟು ನಡುವೆ ಬ್ಯಾಲೆನ್ಸ್ ಬಾರ್ ಕೂರಿಸಬಹುದು. ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಟ್ಯಾಂಡೆಮ್‌ನಲ್ಲಿ ಕಾಲಿನ ಪೂರ್ತಿ ಬಲ ಎರಡೂ ಕೋಣೆಗೆ ಹೋಗುತ್ತದೆ, ಒತ್ತಡ ಎರಡರಲ್ಲೂ ಒಂದೇ. ಬ್ಯಾಲೆನ್ಸ್ ಬಾರಿನಲ್ಲಿ ಬಲ ಇಬ್ಭಾಗವಾಗುತ್ತದೆ, ಅದಕ್ಕೆ ಬೋರು ಇನ್ನೂ ಸಣ್ಣದು ಬೇಕು.

ಬ್ಯಾಲೆನ್ಸ್ ಬಾರ್ ಎಂದರೇನು ಎಂದು ಹುಡುಗರು ಪುಸ್ತಕದ ಚಿತ್ರ ತೋರಿಸಿ ನಮ್ಮ ಟ್ರ್ಯಾಕ್ಟರ್ ಮೆಕಾನಿಕ್ಕಿಗೆ ವಿವರಿಸಲು ಹೊರಟರು. ಆತ ಒಂದು ಕ್ಷಣ ನೋಡಿ, “ಇದು ನೊಗ ಅಲ್ಲೇನು ತಮ್ಮಾ” ಎಂದ. ನಿಜ. ಒಂದು ಬಲಿತ ಎತ್ತು, ಒಂದು ಎಳೆಯ ಎತ್ತು ಹೂಡಿದಾಗ ರೈತ ನೊಗಕ್ಕೆ ಕಟ್ಟುವ ಹಗ್ಗವನ್ನು ಬಲಿತ ಎತ್ತಿನ ಕಡೆ ಸ್ವಲ್ಪ ಸರಿಸುತ್ತಾನೆ. ಎಳೆಯದರ ಕಡೆ ನೊಗ ಉದ್ದವಾಗುತ್ತದೆ, ಭಾರ ಕಡಿಮೆಯಾಗುತ್ತದೆ. ಬ್ಯಾಲೆನ್ಸ್ ಬಾರಿನಲ್ಲೂ ನಡುವಿನ ಕೀಲನ್ನು ಮುಂದಿನ ಮಾಸ್ಟರಿನ ಕಡೆ ಸರಿಸಿದರೆ ಮುಂದಿನ ಬ್ರೇಕಿಗೆ ಪಾಲು ಹೆಚ್ಚುತ್ತದೆ. ಮಳೆ ಬಂದರೆ, ನೆಲ ಬದಲಾದರೆ ಸ್ಪ್ಯಾನರಿನ ಎರಡು ಸುತ್ತಿನಲ್ಲಿ ಹಂಚಿಕೆ ಬದಲಿಸಬಹುದು. ಡಾಂಬರಿನ ಫಾರ್ಮುಲಾ ಗಾಡಿಗೆ ಇದು ಬೇಕೇ ಬೇಕು ಎನ್ನುತ್ತೇನೆ. ಮಣ್ಣಿನ ಗಾಡಿಗೆ, ಅದೂ ಮೊದಲ ಸಲ ಕಟ್ಟುವವರಿಗೆ, ಟ್ಯಾಂಡೆಮ್ ಒಳ್ಳೆಯದು. ತಪ್ಪಾಗಿ ಕೂರಿಸಿದ ಬ್ಯಾಲೆನ್ಸ್ ಬಾರು ಓರೆಯಾಗಿ ಸಿಕ್ಕಿಕೊಂಡರೆ ಇದ್ದ ಬ್ರೇಕೂ ಹೋಗುತ್ತದೆ. ಟ್ಯಾಂಡೆಮ್‌ನಲ್ಲಿ ಹಂಚಿಕೆಯನ್ನು ಕ್ಯಾಲಿಪರು, ಡಿಸ್ಕು ಆರಿಸುವಾಗಲೇ ಮುಗಿಸಿಬಿಡಬೇಕು, ಅಷ್ಟೇ.

ಟ್ರ್ಯಾಕ್ಟರಿನ ಮಾತು ಬಂತು. ಟ್ರ್ಯಾಕ್ಟರಿಗೆ ಎಡಬಲಕ್ಕೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುವುದು ಎಲ್ಲರಿಗೂ ಗೊತ್ತು. ಎರೆ ಹೊಲದ ಬದುವಿನಲ್ಲಿ ಒಂದು ಪೆಡಲ್ ತುಳಿದರೆ ಟ್ರ್ಯಾಕ್ಟರು ನಿಂತಲ್ಲೇ ತಿರುಗುತ್ತದೆ. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಒಂದು ಮಾಡಬೇಕು. ಬಾಹಾ ಗಾಡಿಗಳಲ್ಲೂ ಕೆಲವರು ಬಿಗಿ ತಿರುವಿಗೆಂದು ಹಿಂದಿನ ಒಂದೊಂದೇ ಚಕ್ರ ಹಿಡಿಯುವ ಕೈಬ್ರೇಕು ಇಡುತ್ತಾರೆ. ಹಿಂದೆ ಒಂದೇ ಡಿಸ್ಕು ಇದ್ದವರಿಗೆ ಆ ದಾರಿ ಇಲ್ಲ. ನಮ್ಮ ಹುಡುಗರು ಆ ಆಸೆ ಬಿಟ್ಟದ್ದು ಒಳ್ಳೆಯದೇ ಆಯಿತು. ಒಂದೇ ಡಿಸ್ಕಿಗೆ ಇನ್ನೊಂದು ಕೊರತೆಯೂ ಇದೆ: ಚಕ್ರಕ್ಕೆ ಹೋಗುವ ಶಾಫ್ಟು ಮುರಿದರೆ ಆ ಚಕ್ರಕ್ಕೆ ಬ್ರೇಕೂ ಹೋಯಿತು. ತೂಕ ಉಳಿಸಿದ್ದಕ್ಕೆ ಶಾಫ್ಟನ್ನು ಗಟ್ಟಿ ಮಾಡಿಕೊಳ್ಳಬೇಕು.

ಸಾಮಾನು ಕೊಳ್ಳುವ ಮುಂಚೆ ಮಾಡಬೇಕಾದ ಒಂದು ಪುಟ್ಟ ಕೆಲಸವಿದೆ. ರಟ್ಟು ತೆಗೆದುಕೊಂಡು ಡಿಸ್ಕಿನ ಅಳತೆಗೆ ದುಂಡಗೆ ಕತ್ತರಿಸಿ, ಅದರ ಅಂಚಿಗೆ ಕ್ಯಾಲಿಪರಿನ ದಪ್ಪದ ಇನ್ನೊಂದು ರಟ್ಟು ಅಂಟಿಸಿ, ಚಕ್ರದ ರಿಮ್ಮಿನೊಳಗೆ ಇಟ್ಟು ತಿರುಗಿಸಿ ನೋಡುವುದು. ಪಲ್ಸರ್ 220ರ ಹಿಂದಿನ ಡಿಸ್ಕು 230 ಮಿಲಿಮೀಟರು, ಅಪಾಚೆ ಆರ್‌ಟಿಆರ್ 160ರ ಹಿಂದಿನದು 200. ಎರಡೂ ಸುಲಭವಾಗಿ ಸಿಗುತ್ತವೆ, ಹುಡುಗರು ಎರಡರ ಮೇಲೂ ಕಣ್ಣಿಟ್ಟಿದ್ದರು. ಅವರ ರಿಮ್ಮು ಹತ್ತು ಇಂಚಿನದು, ಅಂದರೆ 254 ಮಿಲಿಮೀಟರು. ಒಳಗಿನ ಜಾಗ ಇನ್ನೂ ಕಡಿಮೆ. 230ರ ರಟ್ಟು ಒಳಗೇ ಹೋಗಲಿಲ್ಲ. 200ರದು ಹೋಯಿತು, ಆದರೆ ಕ್ಯಾಲಿಪರಿನ ರಟ್ಟು ರಿಮ್ಮಿಗೆ ಉಜ್ಜಿತು. 180ರದು ಬೆರಳು ಹೋಗುವಷ್ಟು ಸಂದು ಬಿಟ್ಟು ಸಲೀಸಾಗಿ ತಿರುಗಿತು. ಬೈಕಿನ ಡಿಸ್ಕಿಗೆ ಬಳಸುವ 410, 420 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ನಾಲ್ಕು ಮಿಲಿಮೀಟರ್ ತಗಡಿನಲ್ಲಿ 180ರ ಡಿಸ್ಕನ್ನು ಕತ್ತರಿಸಿ ತರಿಸಿದರು. ಡಿಸ್ಕು, ಕ್ಯಾಲಿಪರು ಸೇರಿ ಚಕ್ರಕ್ಕೆ ಒಂದೂವರೆ ಕಿಲೋ ಒಳಗೇ ಬಂತು. ಒಂದು ಹಾಳೆ ರಟ್ಟು, ಅರ್ಧ ಗಂಟೆ ಸಮಯ. ಇದನ್ನು ಮಾಡದೆ ಮೊದಲೇ ಡಿಸ್ಕು ಕೊಂಡು ಆಮೇಲೆ ಅದಕ್ಕಾಗಿ ರಿಮ್ಮು ಬದಲಿಸಿದ ತಂಡಗಳಿವೆ.

ಬೈಕಿನ ಕ್ಯಾಲಿಪರ್ ಸಾಕೇ ಎಂದು ಬಹಳ ಜನ ಕೇಳುತ್ತಾರೆ. ಬೈಕು, ಇಬ್ಬರು ಸವಾರರು ಸೇರಿದರೆ 300 ಕಿಲೋ ಆಗುತ್ತದೆ. ಅದನ್ನು ನೂರರ ವೇಗದಲ್ಲಿ ಹಿಡಿಯುವ ಕ್ಯಾಲಿಪರು 250 ಕಿಲೋದ ಗಾಡಿಯ ಒಂದು ಚಕ್ರಕ್ಕೆ ಸಾಕಾಗದೇ ಇರುತ್ತದೆಯೇ? ನಮ್ಮ ದೇಶದ ಪುಣ್ಯ, ಒಳ್ಳೆಯ ಬೈಕಿನ ಬ್ರೇಕು ಇಲ್ಲಿ ಸಿಗುವಷ್ಟು ಅಗ್ಗವಾಗಿ ಹೆಚ್ಚು ಕಡೆ ಸಿಗುವುದಿಲ್ಲ. ಆದರೆ ಹೊಸದನ್ನೇ ಕೊಳ್ಳಬೇಕು. ಪೈಪು, ಸೀಟು, ಚೈನು, ಬೋಲ್ಟು ಗುಜರಿಯಿಂದ ಬಂದರೆ ನನ್ನ ತಕರಾರಿಲ್ಲ. ಮಾಸ್ಟರ್ ಸಿಲಿಂಡರು, ಕ್ಯಾಲಿಪರು, ಹೋಸು, ಎಣ್ಣೆ ಈ ನಾಲ್ಕು ಮಾತ್ರ ಗುಜರಿಯಿಂದ ಬರಕೂಡದು. ಈ ಹುಡುಗರೇ ಉಳಿತಾಯಕ್ಕೆಂದು ಹಳೆಯ ಮಾಸ್ಟರ್ ಒಂದನ್ನು ತಂದಿದ್ದರು. ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಬಿಚ್ಚಿದಾಗ ಒಳಗಿನ ರಬ್ಬರ್ ಕಪ್ಪುಗಳು ನೆನೆಸಿದ ಕಡಲೆಯಂತೆ ಊದಿಕೊಂಡಿದ್ದವು. ಯಾರೋ ಹಿಂದೆ ಬ್ರೇಕ್ ಆಯಿಲ್ ಸಿಗದೆ ಎಂಜಿನ್ ಆಯಿಲ್ ಸುರಿದಿದ್ದರು. ಬ್ರೇಕಿನ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ವಿಷ. ಒಂದು ಚಮಚ ಬಿದ್ದರೂ ಎಲ್ಲ ರಬ್ಬರೂ ಬದಲಿಸಬೇಕು.

ಎಣ್ಣೆಯ ವಿಷಯದಲ್ಲಿ ನಮ್ಮ ಬಿಸಿಲನ್ನೂ ನೆನೆಯಬೇಕು. ಡಾಟ್ 3 ಎಂಬ ಎಣ್ಣೆ ಹೊಸದಾಗಿದ್ದಾಗ 205 ಡಿಗ್ರಿಗೆ ಕುದಿಯುತ್ತದೆ, ಡಾಟ್ 4 ಆದರೆ 230ಕ್ಕೆ. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಡಾಟ್ 3 ಕುದಿಯಲು 140 ಡಿಗ್ರಿ ಸಾಕು, ಡಾಟ್ 4ಕ್ಕೆ 155. ಕುದ್ದರೆ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ಟೊಳ್ಳು. ಡಬ್ಬಿ ಒಡೆದ ಮೇಲೆ ಉಳಿದ ಎಣ್ಣೆಯನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಹಗುರ ಗಾಡಿಗೆ ಡಾಟ್ 4 ಹಾಕಿದರೆ ಸಾಕು, ಅದಕ್ಕಿಂತ ಮೇಲಿನದಕ್ಕೆ ದುಡ್ಡು ಸುರಿಯುವುದು ದಂಡ.

ಪೆಡಲ್ ಬಗ್ಗೆ ಒಂದೇ ಮಾತು. ಫಾರ್ಮುಲಾ ಸ್ಪರ್ಧೆಗಳ ನಿಯಮದಂತೆ ಅದು 2000 ನ್ಯೂಟನ್ ಬಲ ತಾಳಬೇಕು, ಅಂದರೆ ಸುಮಾರು 200 ಕಿಲೋ ಒತ್ತು. ಗಾಬರಿಯಲ್ಲಿ ಮನುಷ್ಯ ಎಷ್ಟು ಜೋರಾಗಿ ತುಳಿಯಬಲ್ಲ ಎಂದು ನೋಡಿದವರು ಮಾಡಿದ ನಿಯಮ ಅದು. ಪೆಡಲನ್ನು ಕಚ್ಚಾ ಬೆಸುಗೆಯಲ್ಲಿ ಮುಗಿಸಬೇಡಿ.

ಎಲ್ಲ ಕೂರಿಸಿ, ಎಣ್ಣೆ ತುಂಬಿ, ಏರ್ ತೆಗೆಯಲು ಕೂತದ್ದು ಒಂದು ಸಂಜೆ ಐದಕ್ಕೆ. ಒಬ್ಬ ಪೆಡಲ್ ಪಂಪ್ ಮಾಡಿ ಹಿಡಿಯಬೇಕು, ಇನ್ನೊಬ್ಬ ಕ್ಯಾಲಿಪರಿನ ನಿಪ್ಪಲ್ ಸಡಿಲಿಸಿ ಗುಳ್ಳೆ ಹೊರಬಿಟ್ಟು ಬಿಗಿಯಬೇಕು. ನಿಪ್ಪಲಿಗೆ ಹಾಕಿದ ಬಿಳಿ ಪೈಪಿನಲ್ಲಿ ಎಣ್ಣೆ ಬರುವುದು ಕಾಣುತ್ತದೆ. ಹಿಂದಿನದು ಬೇಗ ಆಯಿತು, ಬಲಗಡೆಯದೂ ಆಯಿತು. ಎಡಗಡೆಯದರಿಂದ ಗುಳ್ಳೆಯೇ ಬರುತ್ತಿಲ್ಲ. ಆದರೂ ಪೆಡಲ್ ಮೆತ್ತಗೆ, ಹಿಟ್ಟಿನ ಉಂಡೆ ಒತ್ತಿದ ಹಾಗೆ. ಒಂದು ಡಬ್ಬಿ ಎಣ್ಣೆ ಖಾಲಿಯಾಯಿತು. ರಾತ್ರಿ ಎಂಟಾಯಿತು. ಮಾಸ್ಟರ್ ಹೋಗಿದೆ ಎಂದು ಒಬ್ಬ, ಹೋಸು ಊದುತ್ತಿದೆ ಎಂದು ಇನ್ನೊಬ್ಬ.

ಟ್ರ್ಯಾಕ್ಟರ್ ಮೆಕಾನಿಕ್ ಊಟ ಮುಗಿಸಿ ಬಂದವನು ಟಾರ್ಚು ಬಿಟ್ಟು ಕ್ಯಾಲಿಪರಿನ ಕೆಳಗೆ ಬೆರಳು ಹಾಕಿದ. ನಿಪ್ಪಲ್ ಕೆಳಗಿತ್ತು. ಬಲಗಡೆಗೆ ಮಾಡಿದ ಕ್ಯಾಲಿಪರನ್ನೇ ಎಡಕ್ಕೆ ತಿರುಗಿಸಿ ಕೂರಿಸಿದ್ದರಿಂದ ಅದು ತಲೆಕೆಳಗಾಗಿತ್ತು. ಗಾಳಿ ಯಾವಾಗಲೂ ಮೇಲಕ್ಕೆ ಏರುತ್ತದೆ. ಕೆಳಗಿನ ತೂತಿನಿಂದ ಎಣ್ಣೆ ಬರುತ್ತದೆಯೇ ಹೊರತು ಗಾಳಿ ಬರುವುದಿಲ್ಲ. ಆತ ಎರಡು ಬೋಲ್ಟು ಬಿಚ್ಚಿ, ಹೋಸು ತೆಗೆಯದೆ ಕ್ಯಾಲಿಪರನ್ನು ಕೈಯಲ್ಲಿ ಹಿಡಿದು ನಿಪ್ಪಲ್ ಮೇಲೆ ಬರುವಂತೆ ತಿರುಗಿಸಿದ. ಪ್ಯಾಡುಗಳ ನಡುವೆ ಪಿಸ್ಟನ್ ಹೊರಬೀಳದಂತೆ ಡಿಸ್ಕಿನ ದಪ್ಪದ ಒಂದು ಮರದ ಚೂರು ತುರುಕಿದ. “ಈಗ ತುಳಿ ತಮ್ಮಾ” ಎಂದ. ಬಿಳಿ ಪೈಪಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಗುಳ್ಳೆ ಒಂದು ಹೋಯಿತು, ಹಿಂದೆ ಸಾಸಿವೆ ಗಾತ್ರದವು ನಾಲ್ಕೈದು, ಆಮೇಲೆ ಬರೀ ಎಣ್ಣೆ. ಪೆಡಲ್ ಗಟ್ಟಿಯಾಗಿ ನಿಂತಿತು.

ಮಾರನೆಯ ದಿನ ಹೊಸ ಪ್ಯಾಡುಗಳನ್ನು ಡಿಸ್ಕಿಗೆ ಹೊಂದಿಸಲು ನಿಧಾನ ವೇಗದಲ್ಲಿ ಹದಿನೈದು ಸಲ ಮೆಲ್ಲಗೆ ನಿಲ್ಲಿಸಿದರು, ನಡುನಡುವೆ ಆರಲು ಬಿಟ್ಟು. ಇದನ್ನು ಬಿಟ್ಟು ನೇರವಾಗಿ ಪರೀಕ್ಷೆಗೆ ಹೋದರೆ ಹೊಸ ಪ್ಯಾಡು ಗಾಜಿನಂತೆ ನುಣುಪಾಗಿ ಜಾರುತ್ತದೆ. ಆಮೇಲೆ ಜಿನ್ನಿನ ಅಂಗಳದ ಸಿಮೆಂಟಿನ ಮೇಲೆ 40ರ ವೇಗದಲ್ಲಿ ಬಂದು ಪೂರ್ತಿ ತುಳಿದ ಅಣ್ಣನ ಮಗ. ನೆಲದ ಮೇಲೆ ನಾಲ್ಕು ಕಪ್ಪು ಗೆರೆ ಬಿತ್ತು. ಹಿಂದಿನ ಚಕ್ರಗಳ ನಡುವಿನ ಅಗಲ ಕಡಿಮೆ ಇರುವುದರಿಂದ ಗೆರೆಗಳು ಒಂದರ ಮೇಲೊಂದು ಬೀಳದೆ ಬೇರೆ ಬೇರೆ ಕಂಡವು.

ಟೇಪು ಹಿಡಿದು ಅಳೆದೆವು. ನಾಲ್ಕೂ ಚಕ್ರ ಒಂದೇ ಕ್ಷಣಕ್ಕೆ ನಿಂತಿದ್ದರೆ ಹಿಂದಿನ ಗೆರೆಗಳು ಮುಂದಿನವುಗಳಿಗಿಂತ ಸರಿಯಾಗಿ ಒಂದೂವರೆ ಮೀಟರ್ ಹಿಂದೆ ಶುರುವಾಗಬೇಕಿತ್ತು. ಅವು ಶುರುವಾಗಿದ್ದು 90 ಸೆಂಟಿಮೀಟರ್ ಹಿಂದೆ. ಮುಂದಿನ ಚಕ್ರ ಮೊದಲು ನಿಂತಿತ್ತು, ಹಿಂದಿನದು ಗಾಡಿ ಇನ್ನೂ 60 ಸೆಂಟಿಮೀಟರ್ ಹೋದ ಮೇಲೆ.